ಬಾಕ್ಸ್ ಬಂತು, ಲೈನ್ ಬರಲಿಲ್ಲ

(ಗೋಣಿಕೊಪ್ಪದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ತಿದ್ದಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಂಟರ್ನೆಟ್ಟನ್ನು ಟಿವಿಗೆ ತಂದುಕೊಡುತ್ತೇವೆ ಎಂದು ಹೊರಟ ಮೊದಲ ಬಾಕ್ಸ್‌ಗಳ ಕಥೆಯನ್ನು ಇವತ್ತು ಹೇಳಬೇಕು ಅಂತಿದ್ದೇನೆ. ಈಗ ಬೆರಳುದ್ದದ ಒಂದು ಸ್ಟಿಕ್ಕನ್ನು ಟಿವಿ ಹಿಂದೆ ಚುಚ್ಚಿದರೆ ಸಿನಿಮಾ ಬರುತ್ತದೆ, ಧಾರಾವಾಹಿ ಬರುತ್ತದೆ, ಕ್ರಿಕೆಟ್ ಬರುತ್ತದೆ. ಇಷ್ಟು ಸಲೀಸಾಗಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಆ ಇಪ್ಪತ್ತು ವರ್ಷದಲ್ಲಿ ಭಾರೀ ದುಡ್ಡಿರುವ ಕಂಪನಿಗಳೇ ಒಂದಾದ ಮೇಲೊಂದು ಬಾಕ್ಸ್ ಮಾಡಿ ಕೈಸುಟ್ಟುಕೊಂಡವು.

ಯಾಕೆ ಸೋತವು? ಬಾಕ್ಸ್ ಕೆಟ್ಟದಾಗಿತ್ತು ಅಂತಲ್ಲ. ಹೆಚ್ಚಿನವು ಚೆನ್ನಾಗಿಯೇ ಇದ್ದವು. ಆದರೆ ಬಾಕ್ಸ್‌ಗೆ ಹಿಂದಿನಿಂದ ಎರಡು ಬಲ ಬೇಕು. ಒಂದು, ಚಿತ್ರ ಹರಿದು ಬರಲು ಗಟ್ಟಿ ಲೈನ್. ಇನ್ನೊಂದು, ಆ ಚಿತ್ರದ ಮಾಲೀಕರ ಒಪ್ಪಿಗೆ. ಇವೆರಡೂ ಕಂಪನಿಯ ಕಾರ್ಖಾನೆಯಲ್ಲಿ ತಯಾರಾಗುವುದಿಲ್ಲ. ನಾನು ಈ ತೆಂಕು ಕೊಡಗಿನಲ್ಲಿ ಡಿಶ್, ಟಿವಿ, ನೆಟ್ ಕೆಲಸ ಮಾಡಿಕೊಂಡೇ ಬಂದವನು. ಬಾಕ್ಸ್ ಬಗ್ಗೆ ಕೇಳುವವರು ನೂರು ಜನ ಸಿಗುತ್ತಾರೆ. ಲೈನ್ ಬಗ್ಗೆ ಕೇಳುವವರು ಕಡಿಮೆ. ಹಾಗಾಗಿಯೇ ಈ ವಿಷಯ ಆರಿಸಿಕೊಂಡೆ.

ಮೊದಲು ನಮ್ಮ ಜಾಗದ ಮಾತು. ಕೊಡಗಿನಲ್ಲಿ ಟಿವಿ ನೋಡುವುದು ಯಾವತ್ತೂ ಸುಲಭ ಇರಲಿಲ್ಲ. ಬೆಟ್ಟ ಅಡ್ಡ, ಮರ ಅಡ್ಡ. ಪೇಟೆಯಲ್ಲಾದರೆ ಕೇಬಲ್ ಇತ್ತು. ತೋಟದ ಮನೆಗೆ ಯಾರು ಕೇಬಲ್ ಎಳೆಯುತ್ತಾರೆ? ಒಂದು ಮನೆಗಾಗಿ ಎರಡು ಕಿಲೋಮೀಟರ್ ವೈರ್ ಹಾಕಿದರೆ ಅದರ ಖರ್ಚು ಎಂದೂ ಹುಟ್ಟುವುದಿಲ್ಲ. ಅದಕ್ಕೇ ಅಂಗಳದ ಮೂಲೆಯಲ್ಲಿ ದೊಡ್ಡ ಜಾಲರಿ ಡಿಶ್ ನಿಂತಿತು. ಆಮೇಲೆ ಚಿಕ್ಕ ಡಿಶ್ ಬಂತು, ಮಾಡಿನ ಅಂಚಿನಲ್ಲಿ ಕೂತಿತು. ಬೆಲೆ ಕಡಿಮೆ, ಜಾಗ ಕಡಿಮೆ. ಆದರೆ ಮಳೆಗಾಲದಲ್ಲಿ ಅದರ ಕಥೆ ನಿಮಗೆಲ್ಲ ಗೊತ್ತು.

ಅದಕ್ಕೆ ಕಾರಣ ಇದೆ. ದೊಡ್ಡ ಡಿಶ್ ಹಿಡಿಯುವ ಸಿ ಬ್ಯಾಂಡ್ ಅಲೆಗಳು ಸುಮಾರು 4 ಗಿಗಾಹರ್ಟ್ಸ್‌ನವು. ಚಿಕ್ಕ ಡಿಶ್ ಹಿಡಿಯುವ ಕೆಯು ಬ್ಯಾಂಡ್ ಅಲೆಗಳು 11-12 ಗಿಗಾಹರ್ಟ್ಸ್ ಆಸುಪಾಸಿನವು. ಅಲೆ ಚಿಕ್ಕದಾದಷ್ಟೂ ಮಳೆಹನಿ ಅದನ್ನು ಜಾಸ್ತಿ ನುಂಗುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಮೀರಿ ಮಳೆ ಬೀಳುತ್ತದೆ. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋರು ಮಳೆ ಹಿಡಿದಾಗಲೆಲ್ಲ ಟಿವಿಯಲ್ಲಿ ‘ಸಿಗ್ನಲ್ ಇಲ್ಲ’ ಅಂತ ಬರುವುದು ಡಿಶ್ ಹಾಕಿದವನ ತಪ್ಪಿನಿಂದಲ್ಲ, ಆ ಹನಿಗಳಿಂದ.

ಹೀಗಿರುವಾಗ ನೆಲದ ಮೇಲಿನ ವೈರ್‌ನಲ್ಲಿ ಟಿವಿ ಬರುತ್ತದಂತೆ ಅಂದರೆ ಯಾರಿಗೆ ಆಸೆ ಆಗುವುದಿಲ್ಲ? ಆಕಾಶ ಹೇಗೇ ಇರಲಿ, ಮನೆಯೊಳಗೆ ಚಿತ್ರ ಬರುತ್ತದೆ. ಬೆಂಗಳೂರಿನವರಿಗೆ ಇದು ಒಂದು ಹೊಸ ಅನುಕೂಲ ಅಷ್ಟೆ. ನಮಗೆ ಇದು ನಾಲ್ಕು ತಿಂಗಳ ಪ್ರಶ್ನೆ.

ಈಗ ಅಮೆರಿಕಕ್ಕೆ ಹೋಗೋಣ. ಕಥೆ ಶುರುವಾದದ್ದು ಅಲ್ಲಿ.

1996ರಲ್ಲಿ ವೆಬ್‌ಟಿವಿ ಅಂತ ಒಂದು ಬಾಕ್ಸ್ ಬಂತು. ಸ್ಟೀವ್ ಪರ್ಲ್‌ಮನ್ ಮತ್ತು ಇಬ್ಬರು ಗೆಳೆಯರು ಕಟ್ಟಿದ ಕಂಪನಿ. ಬಾಕ್ಸ್ ತಯಾರಿಸಿ ಮಾರಿದವರು ಸೋನಿ ಮತ್ತು ಫಿಲಿಪ್ಸ್. ಕಂಪ್ಯೂಟರ್ ಇಲ್ಲದ ಮನೆಯಲ್ಲೂ ಟಿವಿಯಲ್ಲೇ ಇಂಟರ್ನೆಟ್ ನೋಡಬಹುದು ಅನ್ನುವುದು ಅವರ ಆಸೆ. ಟೆಲಿಫೋನ್ ವೈರನ್ನೇ ಬಾಕ್ಸ್‌ಗೆ ಚುಚ್ಚಬೇಕು. ಒಳಗಿದ್ದ ಮೋಡೆಮ್‌ನ ವೇಗ ಸೆಕೆಂಡಿಗೆ 33.6 ಕಿಲೋಬಿಟ್. ಆ ವೇಗದಲ್ಲಿ ಅಕ್ಷರ ಬರುತ್ತದೆ, ಚಿಕ್ಕ ಫೋಟೋ ನಿಧಾನಕ್ಕೆ ಬರುತ್ತದೆ. ಸಿನಿಮಾ ಕನಸಿನಲ್ಲೂ ಇಲ್ಲ.

ಇನ್ನೊಂದು ತೊಂದರೆ ಟಿವಿಯದ್ದು. ಆಗಿನ ಡಬ್ಬ ಟಿವಿಗಳು ಚಿತ್ರವನ್ನು ಗೆರೆ ಬಿಟ್ಟು ಗೆರೆ ಬರೆಯುತ್ತಿದ್ದವು. ಕಂಪ್ಯೂಟರ್‌ನ ಸಣ್ಣ ಅಕ್ಷರ ಅದರ ಮೇಲೆ ಹಾಕಿದರೆ ಗಿಜಿಗಿಜಿ ನಡುಗುತ್ತಿತ್ತು. ಆ ನಡುಕ ಕಡಿಮೆ ಮಾಡಲು ಅವರು ತುಂಬಾ ತಲೆ ಓಡಿಸಿದರು. ನಿಜವಾಗಿಯೂ ಒಳ್ಳೆಯ ಎಂಜಿನಿಯರಿಂಗ್ ಅದು. 1997ರಲ್ಲಿ ಮೈಕ್ರೋಸಾಫ್ಟ್ ಸುಮಾರು 42.5 ಕೋಟಿ ಡಾಲರ್ ಕೊಟ್ಟು ಆ ಕಂಪನಿಯನ್ನು ಕೊಂಡುಕೊಂಡಿತು. ಅಷ್ಟು ದುಡ್ಡು, ಅಷ್ಟು ಜಾಣ ಜನ, ಆದರೂ ಟೆಲಿಫೋನ್ ವೈರ್ ಅಷ್ಟೇ ಇತ್ತು. ವೈರ್ ಅಗಲವಾಗದೆ ಬಾಕ್ಸ್ ಎಷ್ಟು ಚೆಂದ ಇದ್ದರೇನು?

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಇಡೀ ವಿಷಯದ ಬೇರು ಇಲ್ಲೇ ಇದೆ. ಎರಡು ಗಂಟೆಯ ಸಿನಿಮಾ ಒಂದು ತೆಗೆದುಕೊಳ್ಳಿ. ಡಿವಿಡಿಗೆ ಹತ್ತಿರ ಹತ್ತಿರ ಕಾಣಬೇಕಾದರೆ, ಚೆನ್ನಾಗಿ ಒತ್ತಿ ಚಿಕ್ಕದು ಮಾಡಿದ ಮೇಲೂ ಸೆಕೆಂಡಿಗೆ 2 ಮೆಗಾಬಿಟ್ ಅಂತ ಇಟ್ಟುಕೊಳ್ಳಿ. ಎಂಟು ಬಿಟ್ ಸೇರಿದರೆ ಒಂದು ಬೈಟ್, ಆ ಲೆಕ್ಕದಲ್ಲಿ ಒಟ್ಟು ಸುಮಾರು 1.8 ಜಿಬಿ ಆಯಿತು. ನಮ್ಮ ದೇಶದ 2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಅನ್ನಬಹುದಿತ್ತು. ಅದನ್ನು 512ಕ್ಕೆ ಏರಿಸಿದ್ದು 2013ರಲ್ಲಿ. 256ರ ಲೈನ್‌ನಲ್ಲಿ ಆ ಎರಡು ಗಂಟೆಯ ಸಿನಿಮಾ ಪೂರ್ತಿ ಇಳಿಯಲು ಹದಿನೈದು ಗಂಟೆಗೂ ಜಾಸ್ತಿ ಬೇಕು. ಅದೂ ಲೈನ್ ಒಂದು ಕ್ಷಣವೂ ಕಟ್ ಆಗದಿದ್ದರೆ. ಆಗಸ್ಟ್ ತಿಂಗಳಲ್ಲಿ ನಮ್ಮ ಕಡೆ ಹದಿನೈದು ಗಂಟೆ ಕಟ್ ಆಗದ ಲೈನ್ ಯಾರ ಮನೆಯಲ್ಲಿತ್ತು?

ಬಫರಿಂಗ್ ಅನ್ನುವುದು ಇದೇ ಲೆಕ್ಕದಿಂದ ಹುಟ್ಟಿದ್ದು. ಗುಡ್ಡದ ಒರತೆಯಿಂದ ಪೈಪ್ ಹಾಕಿ ಮನೆಯ ತೊಟ್ಟಿಗೆ ನೀರು ತರುತ್ತೇವೆ ಅಲ್ವಾ? ಪೈಪಿನಲ್ಲಿ ಬರುವುದಕ್ಕಿಂತ ಜೋರಾಗಿ ನಲ್ಲಿಯಲ್ಲಿ ಬಿಟ್ಟರೆ ತೊಟ್ಟಿ ಖಾಲಿ. ಮತ್ತೆ ತುಂಬುವವರೆಗೆ ಕಾಯಬೇಕು. ಪರದೆ ಮೇಲೆ ಗಿರಗಿರ ಸುತ್ತುವ ಚಕ್ರ ಹೇಳುವುದು ಅದನ್ನೇ. ತೊಟ್ಟಿ ದೊಡ್ಡದು ಮಾಡಿದರೆ ಶುರುವಿನಲ್ಲಿ ಜಾಸ್ತಿ ಹೊತ್ತು ಕಾಯಬೇಕು, ಆಮೇಲೆ ನಿಲ್ಲುವುದು ಕಡಿಮೆ. ಚಿಕ್ಕದು ಮಾಡಿದರೆ ಬೇಗ ಶುರುವಾಗುತ್ತದೆ, ನಡುನಡುವೆ ನಿಲ್ಲುತ್ತದೆ. ಪೈಪ್ ಸಣ್ಣದಿದ್ದರೆ ಎರಡೂ ಕಷ್ಟವೇ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಡಿಶ್‌ನಲ್ಲಿ ಒಂದೇ ಸಿಗ್ನಲ್ಲನ್ನು ಹತ್ತು ಮನೆ ಹಿಡಿದರೂ ಒಂದೇ, ಹತ್ತು ಲಕ್ಷ ಮನೆ ಹಿಡಿದರೂ ಒಂದೇ. ಇಂಟರ್ನೆಟ್‌ನಲ್ಲಿ ಹಾಗಲ್ಲ. ಪ್ರತಿ ಮನೆಗೂ ಬೇರೆ ಬೇರೆ ಹರಿವು ಕಳಿಸಬೇಕು. ನೋಡುವವರು ಹೆಚ್ಚಿದಷ್ಟೂ ಕಳಿಸುವವರಿಗೆ ಖರ್ಚು ಹೆಚ್ಚು. ಹಳೆಯ ಟಿವಿ ಚಾನೆಲ್‌ನವರಿಗೆ ಈ ತಲೆನೋವು ಇರಲೇ ಇಲ್ಲ.

ಸರಿ, ಪೈಪ್ ಸಣ್ಣದು. ಆಗ ಕಂಪನಿಗಳು ಏನು ಮಾಡಿದವು? ಉಪಾಯ ಹುಡುಕಿದವು. ನನಗೆ ಈ ಭಾಗ ತುಂಬಾ ಇಷ್ಟ. ಸೋತವರ ಉಪಾಯಗಳಲ್ಲಿ ಕಲಿಯುವುದು ಜಾಸ್ತಿ ಇರುತ್ತದೆ.

2004ರಲ್ಲಿ ಅಕಿಂಬೋ ಅನ್ನುವ ಕಂಪನಿ ಹಾರ್ಡ್ ಡಿಸ್ಕ್ ಇರುವ ಬಾಕ್ಸ್ ಮಾರಲು ಶುರು ಮಾಡಿತು. ನೀವು ಇವತ್ತು ಆರಿಸಿ, ಅದು ನಿಧಾನಕ್ಕೆ ಇಳಿಸಿಕೊಳ್ಳುತ್ತದೆ, ನಾಳೆ ನೋಡಿ. ಬಾಕ್ಸ್‌ಗೆ 230 ಡಾಲರ್, ಮೇಲೆ ತಿಂಗಳಿಗೆ 10 ಡಾಲರ್. ಜನ ನೋಡಬೇಕೆಂದಿದ್ದ ದೊಡ್ಡ ಸಿನಿಮಾಗಳು ಅದರಲ್ಲಿ ಸಾಕಷ್ಟು ಇರಲಿಲ್ಲ. 2008ಕ್ಕೆ ಮುಚ್ಚಿತು.

ಡಿಸ್ನಿಯವರ ಮೂವೀಬೀಮ್ ಇನ್ನೂ ವಿಚಿತ್ರ ದಾರಿ ಹಿಡಿಯಿತು. ಇಂಟರ್ನೆಟ್ ಲೈನ್ ಸಾಲದು ಅಂತ ಗೊತ್ತಿತ್ತು. ಅದಕ್ಕೇ ಸಿನಿಮಾವನ್ನು ಟಿವಿ ಸ್ಟೇಷನ್ನಿನ ಅಲೆಯೊಳಗೇ ಬಚ್ಚಿಟ್ಟು ಗಾಳಿಯಲ್ಲಿ ಕಳಿಸಿದರು. ಮನೆಯ ಆಂಟೆನಾ ಅದನ್ನು ಹಿಡಿದು ಬಾಕ್ಸ್‌ನ ಡಿಸ್ಕ್‌ನಲ್ಲಿ ತುಂಬುತ್ತಿತ್ತು. ಯಾವಾಗಲೂ ಸುಮಾರು 100 ಸಿನಿಮಾ ಸಿದ್ಧ. ವಾರ ವಾರ ಹೊಸದು ಬಂದು ಹಳೆಯದು ಹೋಗುತ್ತಿತ್ತು. 2003ರಲ್ಲಿ ಮೂರು ಊರುಗಳಲ್ಲಿ ಶುರುವಾಗಿ, ನಡುವೆ ನಿಂತು, 2006ರಲ್ಲಿ ಮತ್ತೆ ಹೊರಟು, 2007ರ ಡಿಸೆಂಬರ್‌ನಲ್ಲಿ ಕೊನೆಗೊಂಡಿತು. ಈ ಉಪಾಯ ನಮ್ಮಂಥ ಜಾಗಕ್ಕೆ ಒಗ್ಗುತ್ತಿತ್ತು ಅಂತ ನನಗೆ ಇವತ್ತಿಗೂ ಅನಿಸುತ್ತದೆ. ಮಳೆ ಬಿಟ್ಟಾಗ ತುಂಬಿಸಿಕೊಂಡು, ಮಳೆ ಹಿಡಿದಾಗ ನೋಡುವುದು. ಆದರೆ ಆರಿಸುವುದು ನೀವಲ್ಲ, ಅವರು. ಅವರು ತುಂಬಿಸಿದ್ದನ್ನೇ ನೀವು ನೋಡಬೇಕು. ಅಮೆರಿಕದಲ್ಲಿ ಆಗಲೇ ಬೀದಿಗೊಂದು ಡಿವಿಡಿ ಅಂಗಡಿ ಇತ್ತು.

2007ರ ವುಡು ಬಾಕ್ಸ್‌ನ ಉಪಾಯ ನೋಡಿ. ಸಾವಿರಾರು ಸಿನಿಮಾಗಳ ಮೊದಲ ಭಾಗವನ್ನು ಮಾತ್ರ ಮುಂಚೆಯೇ ಬಾಕ್ಸ್‌ಗಳ ಡಿಸ್ಕ್‌ನಲ್ಲಿ ಇಟ್ಟರು. ನೀವು ಗುಂಡಿ ಒತ್ತಿದ ಕೂಡಲೇ ಶುರು. ನೀವು ಆ ಮೊದಲ ಭಾಗ ನೋಡುತ್ತಿರುವಾಗ ಉಳಿದದ್ದು ಬರುತ್ತಿರುತ್ತದೆ. ಅದೂ ಒಂದು ಕಡೆಯಿಂದ ಅಲ್ಲ, ಬೇರೆ ಬೇರೆ ಮನೆಗಳ ವುಡು ಬಾಕ್ಸ್‌ಗಳಿಂದ ಚೂರು ಚೂರಾಗಿ. ಕಳಿಸುವ ಖರ್ಚೂ ಕಡಿಮೆ, ಕಾಯುವುದೂ ಇಲ್ಲ. ಎಂಥ ಬುದ್ಧಿ! ಬಾಕ್ಸ್‌ನ ಬೆಲೆ ಮಾತ್ರ 399 ಡಾಲರ್. ಅದರ ಮೇಲೆ ಪ್ರತಿ ಸಿನಿಮಾಗೆ ಬೇರೆ ದುಡ್ಡು. ಕೊನೆಗೆ ಅವರು ಸ್ವಂತ ಬಾಕ್ಸ್ ಬಿಟ್ಟು ಬೇರೆಯವರ ಟಿವಿಗಳ ಒಳಗೆ ಸೇರಿಕೊಂಡರು. 2010ರಲ್ಲಿ ವಾಲ್‌ಮಾರ್ಟ್ ಕೊಂಡುಕೊಂಡಿತು.

ಅದೇ 2007ರ ಮಾರ್ಚ್‌ನಲ್ಲಿ ಆಪಲ್ ಟಿವಿ ಬಂತು. 299 ಡಾಲರ್, ಒಳಗೆ 40 ಜಿಬಿ ಡಿಸ್ಕ್. ಆಪಲ್‌ನಂಥ ಕಂಪನಿಯೇ ಅದನ್ನು ವರ್ಷಗಟ್ಟಲೆ ತನ್ನ ಹವ್ಯಾಸ ಅಂತ ಕರೆಯಿತು, ಮುಖ್ಯ ವ್ಯಾಪಾರ ಅನ್ನಲಿಲ್ಲ. ಟಿವಿ ಕೆಲಸದವನಾಗಿ ನನ್ನ ಕಣ್ಣಿಗೆ ಬೀಳುವುದು ಅದರ ಹಿಂಭಾಗ. ಚಿತ್ರ, ಸದ್ದು ಎರಡನ್ನೂ ಒಂದೇ ವೈರಿನಲ್ಲಿ ಕೊಡುವ ಎಚ್‌ಡಿಎಂಐ ಇತ್ತು, ಚಿತ್ರವನ್ನು ಮೂರು ವೈರಿನಲ್ಲಿ ಕೊಡುವ ಕಾಂಪೊನೆಂಟ್ ವಿಡಿಯೋದ ಮೂರು ಪಿನ್ ಇತ್ತು. ಮಾಮೂಲಿ ಹಳದಿ ಪಿನ್ ಇರಲಿಲ್ಲ. ಆಗ ನಮ್ಮ ಮನೆಗಳಲ್ಲಿ ಇದ್ದದ್ದು ಹೆಚ್ಚಾಗಿ ಹಳದಿ, ಬಿಳಿ, ಕೆಂಪು ಪಿನ್ನಿನ ಡಬ್ಬ ಟಿವಿ. ಅಂದರೆ ಆ ಬಾಕ್ಸ್ ತರಬೇಕಾದರೆ ಮೊದಲು ಟಿವಿಯನ್ನೇ ಬದಲಿಸಬೇಕಿತ್ತು. ಹೊಸ ಸಾಮಾನು ಮಾಡುವವರು ಜನರ ಮನೆಯಲ್ಲಿ ಈಗಾಗಲೇ ಏನಿದೆ ಅಂತ ನೋಡಲೇಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ.

ರೋಕು ಅದನ್ನು ನೋಡಿತು. 2008ರ ಮೇನಲ್ಲಿ ಬಂದ ಅದರ ಪುಟ್ಟ ಕಪ್ಪು ಬಾಕ್ಸ್‌ನಲ್ಲಿ ಹಳದಿ ಪಿನ್ನೂ ಇತ್ತು, ಎಚ್‌ಡಿಎಂಐಯೂ ಇತ್ತು. ಬೆಲೆ 100 ಡಾಲರ್. ಡಿಸ್ಕ್ ಇಲ್ಲವೇ ಇಲ್ಲ, ನೇರವಾಗಿ ಹರಿಸುವುದು.

ಅದರ ಹುಟ್ಟಿನ ಕಥೆ ಹೇಳಲೇಬೇಕು. ಅದು ಮೂಲದಲ್ಲಿ ನೆಟ್‌ಫ್ಲಿಕ್ಸ್‌ನವರದ್ದೇ ಬಾಕ್ಸ್. ಪೋಸ್ಟ್‌ನಲ್ಲಿ ಡಿವಿಡಿ ಕಳಿಸುತ್ತಿದ್ದ ಆ ಕಂಪನಿ 2007ರ ಜನವರಿಯಲ್ಲಿ ಇಂಟರ್ನೆಟ್ ಮೂಲಕ ಸಿನಿಮಾ ತೋರಿಸಲು ಶುರು ಮಾಡಿತು, ಮೊದಲಿಗೆ ಕಂಪ್ಯೂಟರ್‌ನಲ್ಲಿ ಮಾತ್ರ. ಟಿವಿಗಾಗಿ ಒಳಗೊಳಗೇ ಒಂದು ಬಾಕ್ಸ್ ತಯಾರಾಗುತ್ತಿತ್ತು. ಅದನ್ನು ನಡೆಸುತ್ತಿದ್ದವರು ಆಂಥನಿ ವುಡ್. ಎಲ್ಲ ಮುಗಿದು ಇನ್ನೇನು ಹೊರಗೆ ಬರಬೇಕು ಅನ್ನುವಾಗ, ಮುಖ್ಯಸ್ಥರಾದ ರೀಡ್ ಹೇಸ್ಟಿಂಗ್ಸ್ ಬೇಡ ಅಂದರು. ನಾವೇ ಬಾಕ್ಸ್ ಮಾರಿದರೆ ಬೇರೆ ಬಾಕ್ಸ್, ಟಿವಿ ಮಾಡುವವರು ನಮ್ಮನ್ನು ಎದುರಾಳಿ ಅಂತ ನೋಡುತ್ತಾರೆ, ಅವರ ಸಾಮಾನಿನೊಳಗೆ ನಮ್ಮನ್ನು ಬಿಡುವುದಿಲ್ಲ ಅನ್ನುವುದು ಅವರ ಲೆಕ್ಕ. ಬಾಕ್ಸ್ ವುಡ್ ಅವರ ಸ್ವಂತ ಕಂಪನಿಯಾದ ರೋಕುಗೆ ಹೋಯಿತು.

ಸಿದ್ಧವಾದ ಬಾಕ್ಸನ್ನು ಬಿಟ್ಟುಕೊಡಲು ಎದೆ ಗಟ್ಟಿ ಇರಬೇಕು. ಇಡೀ ಕಥೆಯಲ್ಲಿ ಇದಕ್ಕಿಂತ ಜಾಣ ನಿರ್ಧಾರ ನನಗೆ ಕಂಡಿಲ್ಲ. ಉಳಿದವರು ಬಾಕ್ಸೇ ದೊಡ್ಡದು ಅಂದುಕೊಂಡಿದ್ದಾಗ ಇವರು ಎಲ್ಲರ ಬಾಕ್ಸ್‌ಗೂ ಹೋಗುವ ದಾರಿ ದೊಡ್ಡದು ಅಂದುಕೊಂಡರು.

ಆದರೂ ಆ ಮೊದಲ ರೋಕು ಬಾಕ್ಸ್‌ನಲ್ಲಿ ಕಷ್ಟ ಇತ್ತು. ನೋಡಬೇಕಾದ ಸಿನಿಮಾವನ್ನು ಮೊದಲು ಕಂಪ್ಯೂಟರ್‌ನಲ್ಲಿ ಕೂತು ಪಟ್ಟಿಗೆ ಹಾಕಬೇಕು, ಆಮೇಲೆ ಟಿವಿಯಲ್ಲಿ ಬರುತ್ತದೆ. ಇದ್ದ ಸುಮಾರು 10,000 ಹೆಸರುಗಳಲ್ಲಿ ಹಳೆಯವೇ ಜಾಸ್ತಿ. ಯಾಕೆಂದರೆ ಹೊಸ ಸಿನಿಮಾಗಳ ಹಕ್ಕನ್ನು ದೊಡ್ಡ ಸ್ಟುಡಿಯೋಗಳು ಆಗಲೇ ದುಡ್ಡಿನ ಚಾನೆಲ್‌ಗಳಿಗೆ ಮಾರಿಬಿಟ್ಟಿದ್ದವು. 2008ರ ಕೊನೆಯಲ್ಲಿ ಸ್ಟಾರ್ಜ್ ಅನ್ನುವ ಚಾನೆಲ್ ಜೊತೆ ಒಪ್ಪಂದ ಆದ ಮೇಲೆ ಹೊಸ ಸಿನಿಮಾ ಸ್ವಲ್ಪ ಸಿಕ್ಕಿತು. 2012ರಲ್ಲಿ ಆ ಒಪ್ಪಂದ ಮುಗಿಯಿತು, ಆ ಸಿನಿಮಾಗಳೂ ಹೋದವು. ಬಾಕ್ಸ್ ಅದೇ, ಲೈನ್ ಅದೇ. ಕಾಗದದ ಮೇಲಿನ ಸಹಿ ಇಲ್ಲದಿದ್ದರೆ ಪರದೆ ಖಾಲಿ.

ಇದಕ್ಕೆ ಎಲ್ಲಕ್ಕಿಂತ ದೊಡ್ಡ ಉದಾಹರಣೆ ಗೂಗಲ್ ಟಿವಿ, ಅಂದರೆ ಟಿವಿಯಲ್ಲಿ ಇಂಟರ್ನೆಟ್ ತೋರಿಸಲು ಗೂಗಲ್ ಮಾಡಿದ ಸಾಫ್ಟ್‌ವೇರ್. 2010ರಲ್ಲಿ ಲಾಜಿಟೆಕ್ ಕಂಪನಿ ಗೂಗಲ್ ಟಿವಿ ಇರುವ ರೆವ್ಯೂ ಅನ್ನುವ ಬಾಕ್ಸ್ ತಂದಿತು. 299 ಡಾಲರ್. ಜೊತೆಗೆ ಮಡಿಲಲ್ಲಿ ಇಟ್ಟುಕೊಳ್ಳುವಷ್ಟು ಉದ್ದದ ಕೀಬೋರ್ಡ್. ಅಮೆರಿಕದ ದೊಡ್ಡ ಚಾನೆಲ್‌ಗಳು ಆಗಲೇ ತಮ್ಮ ವೆಬ್‌ಸೈಟಿನಲ್ಲಿ ಕಾರ್ಯಕ್ರಮಗಳನ್ನು ಪುಕ್ಕಟೆ ಹಾಕಿದ್ದವು. ಕಂಪ್ಯೂಟರ್‌ನಲ್ಲಿ ಕಾಣುವುದು ಈ ಬಾಕ್ಸ್‌ನ ಬ್ರೌಸರ್‌ನಲ್ಲೂ ಕಾಣಬೇಕು ತಾನೇ? ಕಾಣಲಿಲ್ಲ. ಎಬಿಸಿ, ಸಿಬಿಎಸ್, ಎನ್‌ಬಿಸಿ ಮೂರೂ ಈ ಬಾಕ್ಸನ್ನು ಗುರುತಿಸಿ ಬಾಗಿಲು ಹಾಕಿದವು. ಅದೇ ವೆಬ್‌ಸೈಟು, ಅದೇ ಕಾರ್ಯಕ್ರಮ, ಅದೇ ಮನೆ. ಪರದೆ ದೊಡ್ಡದಾಗಿದ್ದಕ್ಕೆ ಬೇಡ ಅಂದರು. ಟಿವಿಯಲ್ಲಿ ನೋಡುವವರಿಗೆ ಹಾಕುವ ಜಾಹೀರಾತಿನ ದುಡ್ಡೇ ಬೇರೆ, ಕಂಪ್ಯೂಟರ್‌ನವರಿಗೆ ಹಾಕುವುದೇ ಬೇರೆ. ಅವರು ಕಾಯ್ದುಕೊಂಡದ್ದು ಅದನ್ನು.

ಮರುವರ್ಷ ಬೆಲೆ 99 ಡಾಲರ್‌ಗೆ ಇಳಿಯಿತು. ಒಂದು ಹಂತದಲ್ಲಿ ಮಾರಿ ಹೋದವುಗಳಿಗಿಂತ ವಾಪಸ್ ಬಂದ ಬಾಕ್ಸ್‌ಗಳೇ ಜಾಸ್ತಿ ಆದವು. ಈ ಬಾಕ್ಸ್‌ನಿಂದ 10 ಕೋಟಿ ಡಾಲರ್‌ಗೂ ಮೀರಿ ಪೆಟ್ಟು ಬಿತ್ತು ಅಂತ ಲಾಜಿಟೆಕ್ ಮುಖ್ಯಸ್ಥರೇ 2011ರಲ್ಲಿ ಹೇಳಿದರು.

ಹಾಗಾದರೆ ಪರಿಸ್ಥಿತಿ ಬದಲಾದದ್ದು ಯಾವಾಗ? ಕೆಲವು ಸಂಗತಿ ಒಟ್ಟಿಗೆ ಕೂಡಿ ಬಂದವು. ಎಚ್.264 ಅನ್ನುವ ವಿಡಿಯೋ ಒತ್ತುವ ವಿಧಾನ 2003ರಲ್ಲೇ ಬಂದಿತ್ತು, ಅದನ್ನು ಬಿಡಿಸುವ ಚಿಪ್ ಅಗ್ಗವಾಯಿತು. ಆಮೇಲೆ ವಿಡಿಯೋವನ್ನು ಕೆಲವೇ ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡನ್ನೂ ನಾಲ್ಕಾರು ಗುಣಮಟ್ಟದಲ್ಲಿ ಇಡುವ ಪದ್ಧತಿ ಬಂತು. 2008ರ ಹೊತ್ತಿಗೆ ಮೈಕ್ರೋಸಾಫ್ಟ್, 2009ರಲ್ಲಿ ಆಪಲ್ ಇದನ್ನು ತಂದವು. ಲೈನ್ ಚೆನ್ನಾಗಿದ್ದಾಗ ದಪ್ಪ ತುಂಡು, ಲೈನ್ ಸೊರಗಿದಾಗ ತೆಳು ತುಂಡು. ಚಿತ್ರ ಸ್ವಲ್ಪ ಮಂಕಾಗುತ್ತದೆ, ನಿಲ್ಲುವುದಿಲ್ಲ. ನಮ್ಮಂಥ ಏರುಪೇರಿನ ಲೈನ್ ಇರುವ ಊರುಗಳಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಈ ಕೆಲಸ ಮಾಡಿದವರ ಹೆಸರು ಜನರಿಗೆ ಗೊತ್ತಿಲ್ಲ. ಗೊತ್ತಿರಬೇಕಿತ್ತು.

2010ರ ಎರಡನೆಯ ಆಪಲ್ ಟಿವಿ ಡಿಸ್ಕ್ ಬಿಟ್ಟು 99 ಡಾಲರ್‌ಗೆ ಬಂತು. 2013ರಲ್ಲಿ ಟಿವಿಗೆ ಚುಚ್ಚುವ ಪುಟ್ಟ ಸಾಮಾನು, ಗೂಗಲ್‌ನ ಕ್ರೋಮ್‌ಕಾಸ್ಟ್, 35 ಡಾಲರ್‌ಗೆ ಬಂತು. ಗೂಗಲ್ ಈ ಸಲ ಕೀಬೋರ್ಡೂ ಕೊಡಲಿಲ್ಲ, ರಿಮೋಟೂ ಕೊಡಲಿಲ್ಲ. ಜನರ ಕೈಯಲ್ಲಿ ಆಗಲೇ ಇದ್ದ ಮೊಬೈಲನ್ನೇ ಬಳಸಿತು.

ಈಗ ವಾಪಸ್ ನಮ್ಮೂರಿಗೆ.

ಕ್ರೋಮ್‌ಕಾಸ್ಟ್ ಇಂಡಿಯಾಕ್ಕೆ ಬಂದದ್ದು 2014ರ ಡಿಸೆಂಬರ್‌ನಲ್ಲಿ, 2,999 ರೂಪಾಯಿಗೆ. ಹಾಟ್‌ಸ್ಟಾರ್ 2015ರಲ್ಲಿ, ನೆಟ್‌ಫ್ಲಿಕ್ಸ್ 2016ರ ಜನವರಿಯಲ್ಲಿ. ಫೈರ್ ಟಿವಿ ಸ್ಟಿಕ್ 2017ರಲ್ಲಿ 3,999 ರೂಪಾಯಿಗೆ. ಬೆಂಗಳೂರಿನಲ್ಲೋ ದುಬೈನಲ್ಲೋ ಇರುವ ಮಕ್ಕಳು ರಜೆಗೆ ಬರುವಾಗ ಒಂದು ತಂದು ಅಪ್ಪ ಅಮ್ಮನ ಟಿವಿಗೆ ಚುಚ್ಚಿ ಹೋಗುತ್ತಿದ್ದರು. ಎರಡು ದಿನ ಮಗನ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಓಡುತ್ತಿತ್ತು. ಮಗ ಹೋದ ಮೇಲೆ ಹಾಟ್‌ಸ್ಪಾಟೂ ಹೋಯಿತು. ಆಮೇಲೆ ನನಗೆ ಫೋನ್. ‘ಅಣ್ಣ, ಬಾಕ್ಸ್ ಹಾಳಾಗಿದೆ, ಒಮ್ಮೆ ಬಂದು ನೋಡಿ.’ ಹೋಗಿ ನೋಡಿದರೆ ಬಾಕ್ಸ್ ಸರಿಯಾಗಿಯೇ ಇರುತ್ತಿತ್ತು.

ತೋಟದ ಮನೆಗೆ ಇದ್ದದ್ದು ತಾಮ್ರದ ಟೆಲಿಫೋನ್ ಲೈನ್. ಅದರಲ್ಲಿ ಬ್ರಾಡ್‌ಬ್ಯಾಂಡ್ ಕೊಡುವ ಡಿಎಸ್‌ಎಲ್ ವಿಧಾನಕ್ಕೆ ಒಂದು ಗುಣ ಇದೆ. ಟೆಲಿಫೋನ್ ಎಕ್ಸ್‌ಚೇಂಜ್‌ನಿಂದ ದೂರ ಹೋದಷ್ಟೂ ವೇಗ ಬೀಳುತ್ತದೆ. ನಾಲ್ಕೈದು ಕಿಲೋಮೀಟರ್ ದಾಟಿದರೆ ಹಿಡಿಯುವುದೇ ಕಷ್ಟ. ಕೊಡಗಿನ ಎಷ್ಟು ಮನೆಗಳು ಎಕ್ಸ್‌ಚೇಂಜ್‌ನ ಪಕ್ಕ ಇವೆ ಹೇಳಿ? ಮಳೆಗಾಲದಲ್ಲಿ ಕೇಬಲ್ ಜಾಯಿಂಟಿಗೆ ನೀರು ಇಳಿದರೆ ಫೋನಿನಲ್ಲಿ ಗರಗರ ಸದ್ದು, ನೆಟ್ ಬಂದ್. ಸಿಲ್ವರ್ ಓಕ್ ಮರ ಬಿದ್ದರೆ ಕಂಬ ಸಮೇತ ಹೋಯಿತು. ಸಿಡಿಲು ಹೊಡೆದರೆ ಮೋಡೆಮ್ ಸುಟ್ಟಿತು. ಅದಕ್ಕೇ ಗುಡುಗು ಶುರುವಾದ ಕೂಡಲೇ ಮನೆಯವರು ಕರೆಂಟಿನ ಪ್ಲಗ್, ಫೋನಿನ ವೈರ್ ಎರಡೂ ಕಿತ್ತಿಡುತ್ತಿದ್ದರು. ಟಿವಿ ನೋಡಲು ಪುರುಸೊತ್ತು ಸಿಗುವುದೂ ಅದೇ ಹೊತ್ತಿನಲ್ಲಿ. ಪ್ಲಾನ್‌ಗಳಲ್ಲಿ ತಿಂಗಳಿಗೆ ಇಷ್ಟೇ ಜಿಬಿ ಅಂತ ಮಿತಿ ಬೇರೆ. ಕೆಲವು ಪ್ಲಾನ್‌ಗಳಲ್ಲಿ ರಾತ್ರಿ ಎರಡರಿಂದ ಬೆಳಗ್ಗೆ ಎಂಟರವರೆಗೆ ಲೆಕ್ಕ ಇರಲಿಲ್ಲ. ಎಷ್ಟೋ ಹುಡುಗರು ಅಲಾರಂ ಇಟ್ಟು ಎದ್ದು ಡೌನ್‌ಲೋಡ್ ಹಾಕಿ ಮಲಗುತ್ತಿದ್ದರು.

ಒಪ್ಪಿಗೆಯ ಪ್ರಶ್ನೆಯೂ ನಮಗೆ ಬೇರೆ ರೂಪದಲ್ಲಿ ಬಂತು. ಮೊದಲ ಬಾಕ್ಸ್‌ಗಳಲ್ಲಿ ಕನ್ನಡವೇ ಇರಲಿಲ್ಲ. ತೋಟದ ಕೆಲಸ ಮುಗಿಸಿ ಬಂದು ಕೂತವರಿಗೆ ಇಂಗ್ಲಿಷ್ ಸಿನಿಮಾಗಳ ಸಾಲು ತೋರಿಸಿ ಏನು ಪ್ರಯೋಜನ? ಕನ್ನಡ ಧಾರಾವಾಹಿ, ಸಿನಿಮಾಗಳಿರುವ ಆಪ್‌ಗಳು ಗಟ್ಟಿಯಾಗಿ ಬಂದದ್ದು 2016ರಿಂದ 2018ರ ನಡುವೆ. ನಮ್ಮ ಕೊಡಗಿನ ಮಾತುಗಳಾದ ಕೊಡವ ತಕ್ಕ್, ಅರೆಭಾಷೆಯ ಕಾರ್ಯಕ್ರಮ ಕೇಳಬೇಕಾದರೆ ಆಗ ಇದ್ದದ್ದು ಮಡಿಕೇರಿ ಆಕಾಶವಾಣಿ. ರೇಡಿಯೋ ಕೊಟ್ಟದ್ದನ್ನು ಈ ದೊಡ್ಡ ಕಂಪನಿಗಳ ಬಾಕ್ಸ್ ಕೊಡಲಿಲ್ಲ.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. ಟವರ್ ಸಿಗುವ ಮನೆಯವರಿಗೆ ಟಿವಿ ಮೊಬೈಲ್‌ಗೇ ಬಂತು. ಸಿಗದ ಮನೆಯವರು ಸಿಗ್ನಲ್ ಸಿಗುವ ಕಲ್ಲು, ಕಾಫಿ ಒಣಗಿಸುವ ಕಳದ ಮೂಲೆ ಹುಡುಕಿಕೊಂಡರು. ಗ್ರಾಮ ಪಂಚಾಯಿತಿಗಳವರೆಗೆ ಫೈಬರ್ ತರುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು 2011ರಲ್ಲಿ. ಈಗ ಅದಕ್ಕೆ ಭಾರತ್‌ನೆಟ್ ಅನ್ನುತ್ತಾರೆ. ಪಂಚಾಯಿತಿ ಕಟ್ಟಡಕ್ಕೆ ಫೈಬರ್ ಬಂದರೆ ಅರ್ಧ ದಾರಿ. ಅಲ್ಲಿಂದ ತೋಟದ ಮನೆಗೆ, ತೋಟದ ಕೆಲಸದವರು ಸಾಲಾಗಿ ವಾಸಿಸುವ ‘ಲೈನ್ ಮನೆ’ಗೆ ಬರಬೇಕು. ಕೆಲಸದವರ ಲೈನ್ ಮನೆಗಳಲ್ಲೂ ಓದುವ ಮಕ್ಕಳಿದ್ದಾರೆ. ಕೊರೊನಾ ಕಾಲದಲ್ಲಿ ಆ ಮಕ್ಕಳು ಪಾಠಕ್ಕಾಗಿ ಎಷ್ಟು ಅಲೆದರು ಅಂತ ಇಲ್ಲಿರುವ ಮೇಷ್ಟ್ರುಗಳಿಗೆ ಗೊತ್ತು. ಸಿನಿಮಾಕ್ಕೆ ಬೇಕಾದ ಲೈನೂ ಪಾಠಕ್ಕೆ ಬೇಕಾದ ಲೈನೂ ಒಂದೇ. ಸ್ಟ್ರೀಮಿಂಗ್ ಅಂದರೆ ಬರೀ ಮೋಜು ಅಂತ ತಳ್ಳಿಹಾಕಬೇಡಿ ಅಂತ ನಾನು ಕೇಳಿಕೊಳ್ಳುವುದು ಇದಕ್ಕೇ.

ಇನ್ನೊಂದು ಕಷ್ಟ ಉಳಿದಿದೆ, ಅದು ಆಮೇಲಿನದ್ದು. ಈ ಬಾಕ್ಸ್‌ಗಳ ಜೀವ ನಿಮ್ಮ ಮನೆಯಲ್ಲಿಲ್ಲ, ಕಂಪನಿಯ ಸರ್ವರ್‌ನಲ್ಲಿದೆ. ವೆಬ್‌ಟಿವಿ ಕೊನೆಗೆ ಎಂಎಸ್‌ಎನ್ ಟಿವಿ ಅಂತ ಹೆಸರು ಬದಲಿಸಿಕೊಂಡಿತ್ತು. 2013ರ ಸೆಪ್ಟೆಂಬರ್ 30ಕ್ಕೆ ಸೇವೆ ನಿಲ್ಲಿಸಿದರು. ಚೆನ್ನಾಗಿ ಓಡುತ್ತಿದ್ದ ಬಾಕ್ಸ್‌ಗಳೂ ಅವತ್ತಿಗೆ ಮುಗಿದವು. ಮೊದಲ ಆಪಲ್ ಟಿವಿಗೆ 2018ರಲ್ಲಿ ಆಪಲ್ ಸಿನಿಮಾ ಮಾರುತ್ತಿದ್ದ ಐಟ್ಯೂನ್ಸ್ ಅಂಗಡಿಯ ಬಾಗಿಲು ಮುಚ್ಚಿತು. ಹಳೆಯ ಕೆಲವು ರೋಕು ಬಾಕ್ಸ್‌ಗಳಲ್ಲಿ 2019ರ ಡಿಸೆಂಬರ್‌ನಿಂದ ನೆಟ್‌ಫ್ಲಿಕ್ಸ್ ನಿಂತಿತು. ಡಬ್ಬ ಟಿವಿ ಕೆಟ್ಟರೆ ಬಿಚ್ಚಿ ಒಂದು ಬಿಡಿಭಾಗ ಹಾಕಿದರೆ ಮತ್ತೆ ಹತ್ತು ವರ್ಷ ಬರುತ್ತಿತ್ತು. ಇದನ್ನು ನಾನು ಬಿಚ್ಚಿ ಏನೂ ಮಾಡಲಾರೆ. ಕೊಳ್ಳುವಾಗ ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತಾರೆ ಅಂತ ಕೇಳಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೂ ಕೇಳಿ. ನಾಲ್ಕು ಜನ ಕೇಳಿದರೆ ಅವರೂ ಮೇಲಿನವರನ್ನು ಕೇಳುತ್ತಾರೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ಅಕ್ಕ ಕೇಳಿದರು: ‘ನಮ್ಮ ಮನೆಗೆ ಫೈಬರ್ ಬಂದಿದೆ. ಆದರೂ ಟಿವಿಯಲ್ಲಿ ಸುತ್ತುತ್ತಲೇ ಇರುತ್ತದೆ, ಯಾಕೆ?’

ಅಕ್ಕ, ಹಳೆಯ ಮನೆಯ ಗೋಡೆ ದಪ್ಪ. ರೂಟರ್ ಹೊರಗಿನ ಕೋಣೆಯಲ್ಲಿ, ಟಿವಿ ಒಳಗಿನ ಕೋಣೆಯಲ್ಲಿ ಇದ್ದರೆ ವೈಫೈ ಆ ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. ಟಿವಿವರೆಗೆ ಒಂದು ಲ್ಯಾನ್ ಕೇಬಲ್ ಎಳೆಸಿ. ಖರ್ಚು ಕಡಿಮೆ, ಒಮ್ಮೆ ಹಾಕಿದರೆ ಚಿಂತೆ ಇಲ್ಲ. ಕೇಬಲ್ ಆಗದಿದ್ದರೆ ರೂಟರನ್ನಾದರೂ ನಡುಮನೆಗೆ ತನ್ನಿ. ಕರೆಂಟ್ ಹೋದಾಗ ನೆಟ್ ಹೋಗಬಾರದು ಅಂದರೆ ರೂಟರ್‌ಗೆ ಪುಟ್ಟ ಯುಪಿಎಸ್ ಸಿಗುತ್ತದೆ. ಮಳೆಗಾಲಕ್ಕೆ ಮೊದಲೇ ಹಾಕಿಸಿಕೊಳ್ಳಿ.

ಇನ್ನೊಬ್ಬ ಹುಡುಗ ಕೇಳಿದ್ದು ಹಾಕಿ ಬಗ್ಗೆ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿ ಈಗ ಯೂಟ್ಯೂಬ್‌ನಲ್ಲಿ ನೇರವಾಗಿ ಬರುತ್ತದೆ. ಹೊರದೇಶದಲ್ಲಿರುವವರೂ ತಮ್ಮ ಒಕ್ಕದ, ಅಂದರೆ ಮನೆತನದ, ಪಂದ್ಯ ನೋಡುತ್ತಾರೆ. ‘ಜನ ಜಾಸ್ತಿ ಸೇರಿದ ದಿನವೇ ಲೈವ್ ನಿಂತು ನಿಂತು ಬರುತ್ತದಲ್ಲ ಸಾರ್, ನಮ್ಮ ಟಿವಿ ಬಾಕ್ಸ್ ಬದಲಿಸಬೇಕಾ?’

ಬೇಡ ತಮ್ಮಾ. ತೊಂದರೆ ಹೆಚ್ಚಾಗಿ ಮೈದಾನದ ಕಡೆ ಇರುತ್ತದೆ. ಅಲ್ಲಿಂದ ವಿಡಿಯೋ ಮೇಲಕ್ಕೆ ಹೋಗುವುದು ಮೊಬೈಲ್ ಡೇಟಾದಲ್ಲಾದರೆ, ಸುತ್ತ ಸೇರಿದ ಸಾವಿರಾರು ಜನರ ಫೋನೂ ಅದೇ ಟವರಿಗೆ ಜೋತುಬಿದ್ದಿರುತ್ತವೆ. ಎಲ್ಲರೂ ಫೋಟೋ ಕಳಿಸುತ್ತಾರೆ, ವಿಡಿಯೋ ಕಳಿಸುತ್ತಾರೆ. ಕ್ಯಾಮೆರಾದವರಿಗೆ ಮೇಲಕ್ಕೆ ಕಳಿಸಲು ಜಾಗವೇ ಉಳಿಯುವುದಿಲ್ಲ. ಮೈದಾನಕ್ಕೆ ಫೈಬರ್ ಎಳೆಸಬೇಕು, ಅದೂ ಅಪ್‌ಲೋಡ್ ವೇಗ ಕೇಳಿಯೇ ಎಳೆಸಬೇಕು. ಡೌನ್‌ಲೋಡ್ ವೇಗ ಮಾತ್ರ ಹೇಳಿ ಪ್ಲಾನ್ ಮಾರುವವರು ಇರುತ್ತಾರೆ. ಎರಡನೆಯ ಲೈನ್ ಒಂದು ಬೇರೆ ಕಂಪನಿಯದ್ದು ಇದ್ದರೆ ಇನ್ನೂ ಒಳ್ಳೆಯದು. ಪಂದ್ಯಗಳು ಹೆಚ್ಚಾಗಿ ಮಾರ್ಚ್‌ನಿಂದ ಮೇ ನಡುವೆ. ಈ ಸಲ ನಡೆಸುವ ಒಕ್ಕದವರು ನಿಮಗೆ ಗೊತ್ತಿದ್ದರೆ ಜನವರಿಯಲ್ಲೇ ಅವರ ಕಿವಿಗೆ ಹಾಕಿ. ಕಂಬ ನೋಡಿ, ದಾರಿ ಅಳೆದು, ಕೇಬಲ್ ಎಳೆಯಲು ಅಷ್ಟು ಟೈಮ್ ಬೇಕೇ ಬೇಕು. ಕರೆದರೆ ನಾನೂ ಬರುತ್ತೇನೆ.